ಸ್ವಿಚ್ಚಿನ ಪಾಠ

ಪಾಲಿಟೆಕ್ನಿಕ್ಕಿನ ನೆಟ್‌ವರ್ಕಿಂಗ್ ಮೇಡಮ್ಮಿಗೆ ಉದಾಹರಣೆ ಇಲ್ಲದೆ ಪಾಠ ಮಾಡಿ ಗೊತ್ತಿರಲಿಲ್ಲ.

“ಕಂಪ್ಯೂಟರುಗಳನ್ನ ಜೋಡಿಸೋ ಹಬ್ ಅನ್ನೋ ಪೆಟ್ಟಿಗೆ, ಬಂದ ಸಂದೇಶಾನ ಎಲ್ಲಾ ಕಂಪ್ಯೂಟರಿಗೂ ಕಳಿಸುತ್ತೆ, ಹೀಗೆ” ಎಂದವರೇ ಕೂಗಿದರು: “ನಾಳೆ ಅಸೈನ್‌ಮೆಂಟ್ ಕೊಡದವರಿಗೆ ಇಂಟರ್ನಲ್ಸ್ ಸೊನ್ನೆ!”

“ಸ್ವಿಚ್ ಅನ್ನೋ ಪೆಟ್ಟಿಗೆ ಹಾಗಲ್ಲ. ಯಾರಿಗೆ ಸೇರಬೇಕೋ ಅವರಿಗೆ ಮಾತ್ರ ತಲುಪಿಸುತ್ತೆ” ಎನ್ನುತ್ತಾ ಮುಂದಿನ ಬೆಂಚಿನ ನಾಗವೇಣಿಯ ಕಿವಿಯಲ್ಲಿ ಪಿಸುಗುಟ್ಟಿದರು: “ಸೋಮವಾರ ಕೊಟ್ರೂ ನಡೆಯುತ್ತೆ. ಯಾರಿಗೂ ಹೇಳ್ಬೇಡ.”

ಮರುದಿನ ಮೇಜಿನ ಮೇಲೆ ಒಂದೇ ಒಂದು ಅಸೈನ್‌ಮೆಂಟ್ ಇತ್ತು. ನಾಗವೇಣಿಯದು.

“ಉಳಿದವರದ್ದೆಲ್ಲಿ?” ಮೇಡಂ ಸಿಡುಕಿದರು.

“ಸೋಮವಾರ ಕೊಡ್ತಾರಂತೆ ಮೇಡಂ” ಎಂದಳು ನಾಗವೇಣಿ.

“ಎಲ್ಲರಿಗೂ ಹೇಳಿಬಿಟ್ಯಾ? ಮತ್ತೆ ನೀನ್ಯಾಕೆ ಇವತ್ತೇ ತಂದೆ?”

“ನೀವು ಕಿವೀಲಿ ಹೇಳಿದ್ದು ಬರೀ ಉದಾಹರಣೆಗೆ ಅಂತ ನಂಗೆ ಗೊತ್ತಿತ್ತಲ್ಲ ಮೇಡಂ. ಅದನ್ನ ಮಾತ್ರ ಯಾರಿಗೂ ಹೇಳ್ಲಿಲ್ಲ.”