ಬೇಡ ಅನ್ನುವ ದನಿ

ಮಾವ ಲಿಫ್ಟಿನ ತಲೆಯ ಮೇಲೆ ನಿಂತಿದ್ದರು. ಅಳಿಯ ಅದಕ್ಕೂ ಮೇಲಿನ ಮೋಟಾರು ಕೋಣೆಯಲ್ಲಿ ಮೇನ್ ಸ್ವಿಚ್ಚಿನ ಹಿಡಿಗೆ ಕೈಯಿಟ್ಟು ಕಾಯುತ್ತಿದ್ದ. ಇಬ್ಬರ ನಡುವೆ ಒಂದು ಕಾಂಕ್ರೀಟಿನ ನೆಲ, ಅದರಲ್ಲಿ ಉಕ್ಕಿನ ಹಗ್ಗ ಇಳಿಯಲು ಕೊರೆದ ಅಂಗೈಯಗಲದ ತೂತು. ಮಾತೆಲ್ಲ ಆ ತೂತಿನ ಮೂಲಕವೇ. ಕೆಳಗಿನವರು ‘ಹಾಕು’ ಅನ್ನಬೇಕು, ಮೇಲಿನವನು ‘ಹಾಕ್ತೀನಿ’ ಅನ್ನಬೇಕು, ಮನಸ್ಸಿನಲ್ಲಿ ಮೂರು ಎಣಿಸಿ ಹಿಡಿ ಎತ್ತಬೇಕು. ಹದಿನಾಲ್ಕು ವರ್ಷದಿಂದ ಇಬ್ಬರೂ ತಪ್ಪದೆ ಪಾಲಿಸಿಕೊಂಡು ಬಂದ ಕ್ರಮ ಇದು.

ಕೆಲಸ ಕಲಿಸಿ, ಕೊನೆಗೆ ಮಗಳನ್ನೂ ಕೊಟ್ಟ ಮಾವನಿಗೆ ತಮ್ಮದೇ ಇನ್ನೊಂದು ಕ್ರಮವಿತ್ತು. ಲಿಫ್ಟಿನ ತಲೆಗೆ ಕಾಲಿಡುವ ಮೊದಲು ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುವುದು. ಒಳಗಿನಿಂದ ಒಂದು ದನಿ ‘ಬೇಡ’ ಅಂದರೆ, ಎಂಥ ಯಜಮಾನ ಕೂಗಾಡಿದರೂ ಅವತ್ತು ಅವರು ಹತ್ತುತ್ತಿರಲಿಲ್ಲ. ಕಾಲೇಜಿನಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ, ಅಪ್ಪ ತೀರಿಕೊಂಡ ಮೇಲೆ ಸ್ಪ್ಯಾನರ್ ಹಿಡಿದವರು ಅವರು. ಸಾಕ್ರಟೀಸನಿಗೂ ಹೀಗೇ ಒಂದು ದನಿ ಕೇಳುತ್ತಿತ್ತಂತೆ. ಅದು ಎಂದೂ ಹೀಗೆ ಮಾಡು ಅನ್ನುತ್ತಿರಲಿಲ್ಲವಂತೆ, ತಪ್ಪು ಹೆಜ್ಜೆ ಇಡಹೋದಾಗ ತಡೆಯುವುದಷ್ಟೇ ಅದರ ಕೆಲಸವಂತೆ. ಸುರಕ್ಷತೆಯ ಬಗ್ಗೆ ಕಂಪನಿ ಕೊಟ್ಟ ಪುಸ್ತಕಕ್ಕಿಂತ ಎರಡು ಸಾವಿರ ವರ್ಷಕ್ಕೂ ಹಳೆಯ ಆ ಮುದುಕನೇ ವಾಸಿ ಎಂದು ಮಾವ ನಂಬಿದ್ದರು. ಜೊತೆಯ ಮೆಕ್ಯಾನಿಕ್ಕುಗಳು ಬೆನ್ನ ಹಿಂದೆ ಅವರನ್ನು ‘ಬೇಡಪ್ಪ’ ಎಂದು ಕರೆದು ನಗುತ್ತಿದ್ದರು. ಹಾಗೆ ನಗುವವರಲ್ಲಿ ಒಬ್ಬ ಎರಡು ಬೆರಳು ಕಳೆದುಕೊಂಡಿದ್ದ. ಮಾವನ ಹತ್ತು ಬೆರಳೂ ನೆಟ್ಟಗಿದ್ದವು, ಅಳಿಯನಿಗೆ ಅಷ್ಟು ಸಾಕಾಗಿತ್ತು.

ಇವತ್ತು ಮಾವ ಬೆಳಿಗ್ಗೆಯಿಂದ ಒಂಥರಾ ಹಗುರವಾಗಿದ್ದರು. ದನಿ ಏನಂತು ಎಂದು ಅಳಿಯ ವಾಡಿಕೆಯಂತೆ ಕೇಳಿದ್ದಕ್ಕೆ, ಸದ್ದೇ ಇಲ್ಲ ಕಣೋ, ಮನೆ ಬಿಡುವಾಗಲೂ ಇಲ್ಲ, ದಾರಿಯಲ್ಲೂ ಇಲ್ಲ, ಇಲ್ಲಿಗೆ ಬಂದ ಮೇಲೂ ಇಲ್ಲ ಎಂದು ನಕ್ಕರು. ಎಣ್ಣೆ ಡಬ್ಬ ಎತ್ತಿಕೊಳ್ಳುತ್ತ, ಆಗಷ್ಟೇ ನೆನಪಾಯಿತೆಂಬಂತೆ ಇನ್ನೊಂದು ಮಾತು ಹೇಳಿದರು. ಸಾಕ್ರಟೀಸ್ ವಿಚಾರಣೆಗೆ ಹೊರಟ ದಿನವೂ ದನಿ ಹೀಗೇ ತೆಪ್ಪಗಿತ್ತಂತೆ. ಮರಣದಂಡನೆಯ ತೀರ್ಪು ಕೇಳಿದ ಮೇಲೆ ಅವನು, ಅದು ನನ್ನನ್ನು ಎಲ್ಲೂ ತಡೆಯಲಿಲ್ಲವಲ್ಲ, ಹಾಗಿದ್ದರೆ ಸಾವು ಕೆಟ್ಟದ್ದಿರಲಾರದು ಅಂದನಂತೆ.

ಆಗ ಅಳಿಯನಿಗೆ ಅದು ಮಾವನ ಎಂದಿನ ಕಥೆ ಅನ್ನಿಸಿತ್ತು. ಈಗ ಒಬ್ಬನೇ ಸ್ವಿಚ್ಚಿನ ಮುಂದೆ ನಿಂತಾಗ ಹೆದರಿಕೆಯಾಯಿತು.

ತೂತಿನಿಂದ ‘ಹಾಕು’ ಎಂದು ಬಂತು. ‘ಹಾಕ್ತೀನಿ’ ಎಂದ. ಒಂದು, ಎರಡು ಎಣಿಸಿದ. ಮೂರು ಅನ್ನುವಷ್ಟರಲ್ಲಿ ಯಾರೋ, ಕೂಗದೆ, ಸಿಡುಕದೆ, ‘ಬೇಡ’ ಅಂದರು. ಮಾವನದೇ ದನಿ. ಆದರೆ ಅದು ಬಂದದ್ದು ತೂತಿನಿಂದಲ್ಲ, ಅವನ ಬಲಗಿವಿಯ ಪಕ್ಕದಿಂದ. ತಿರುಗಿ ನೋಡಿದ. ಕೋಣೆಯಲ್ಲಿ ಮೋಟಾರು, ಗೂಟಕ್ಕೆ ನೇತುಹಾಕಿದ್ದ ಊಟದ ಚೀಲ, ನೆಲದ ಮೇಲೆ ಹನ್ನೊಂದು ಗಂಟೆಯ ಬಿಸಿಲು ಬಿಟ್ಟರೆ ಬೇರೇನೂ ಇರಲಿಲ್ಲ.

“ಮಾವ, ಬೇಡ ಅಂದ್ರಾ?”

“ನಾನೆಲ್ಲಿ ಅಂದೆ? ಹಾಕು ಅಂದೆ. ಹಾಕು ಬೇಗ, ಕತ್ತು ನೋಯ್ತಿದೆ.”

ಅಳಿಯ ಹಾಕಲಿಲ್ಲ. ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಎರಡೆರಡು ಮೆಟ್ಟಿಲು ಹಾರಿ ಕೆಳಗಿನ ಮಹಡಿಗೆ ಬಂದು, ಲಿಫ್ಟಿನ ಬಾಗಿಲು ಸರಿಸಿ ಮಾವನನ್ನು ಕೈಹಿಡಿದು ಈಚೆಗೆ ಎಳೆದುಕೊಂಡ. ಅರ್ಧ ದಿನ ಹಾಳು ಮಾಡಿದೆ ಎಂದು ಮಾವ ಬೈದರು. ಬೈಸಿಕೊಳ್ಳುತ್ತಲೇ ಅವರನ್ನು ದೂರದ ಮೆಟ್ಟಿಲ ಮೇಲೆ ಕೂರಿಸಿ, ಮೇಲೆ ಹೋಗಿ ಫ್ಯೂಸು ಸಿಕ್ಕಿಸಿ ಹಿಡಿ ಎತ್ತಿದ. ಯಾರೂ ಗುಂಡಿ ಒತ್ತಿರಲಿಲ್ಲ. ಆದರೂ ಲಿಫ್ಟು ಧಡಕ್ಕನೆ ಮೇಲಕ್ಕೆ ಹಾರಿತು. ತೂತಿಗೆ ಕಣ್ಣಿಟ್ಟು ನೋಡಿದರೆ ಅದರ ತಲೆಗೂ ನೆಲದ ಅಡಿಭಾಗಕ್ಕೂ ನಾಲ್ಕು ಬೆರಳು ಜಾಗವಿತ್ತು. ಮಾವ ಅಲ್ಲೇ ಬಿಟ್ಟುಬಂದಿದ್ದ ಎಣ್ಣೆ ಡಬ್ಬ ಅಪ್ಪಚ್ಚಿಯಾಗಿತ್ತು.

ಅಳಿಯ ಸ್ವಿಚ್ಚು ಆರಿಸಿ ಕೆಳಗೆ ಬಂದ. ಸದ್ದು ಕೇಳಿಯೇ ಮಾವನಿಗೆ ಅರ್ಥವಾಗಿತ್ತು, ಬೈಗುಳ ನಿಂತಿತ್ತು. ಅವರು ಉಳಿದುಕೊಂಡ ಸಂತೋಷಕ್ಕೆ ಅಳಿಯನಿಗೆ ಅಳುವೇ ಬಂತು. ಪಕ್ಕದಲ್ಲಿ ಕೂತು, ನಿಮ್ಮ ಸಾಕ್ರಟೀಸನ ದನಿ ನನಗೂ ಕೇಳಿತು ಎಂದು ಎಲ್ಲವನ್ನೂ ಹೇಳಿದ. ಮಾವ ಹಿಗ್ಗುತ್ತಾರೆ ಅಂದುಕೊಂಡಿದ್ದ.

“ಯಾರ ದನಿ ಥರ ಇತ್ತು?” ಎಂದು ಕೇಳಿದರು ಮಾವ.

“ನಿಮ್ದೇ, ಮಾವ. ಥೇಟ್ ನಿಮ್ದೇ.”

ಮಾವ, ತಮಗೆ ಇಷ್ಟು ವರ್ಷ ಕೇಳಿದ್ದು ತಮಗೆ ಕೆಲಸ ಕಲಿಸಿದ ಮೇಸ್ತ್ರಿಯ ದನಿ ಎಂದರು. ಇದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಮೊದಲ ಸಲ ಕೇಳಿದ್ದು ಮೇಸ್ತ್ರಿ ಸತ್ತ ದಿನವಂತೆ.

“ಸತ್ತ ಮೇಲಾ?” ಎಂದ ಅಳಿಯ.

“ಇಲ್ಲ. ಬೆಳಿಗ್ಗೆ ಕೇಳ್ತು. ಅವರು ಹೋಗಿದ್ದು ಸಂಜೆ.”

ಅಳಿಯ ಅವರ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಸ್ಪತ್ರೆಗೆ ಹೋಗೋಣ, ಈಗಲೇ ಹೋಗೋಣ, ಎದೆ, ರಕ್ತ, ಎಲ್ಲಾ ತೋರಿಸಿಬಿಡೋಣ ಎಂದು ಒಂದೇ ಸಮನೆ ಬಡಬಡಿಸಿದ. ಮಾವ ಕಂಬಿ ಹಿಡಿದು ಎದ್ದು, ಒಂಬತ್ತು ಮಹಡಿಯ ಮೆಟ್ಟಿಲುಗಳನ್ನು ಬಗ್ಗಿ ನೋಡಿದರು.

“ಹೋಗೋಣ ನಡಿ,” ಎಂದರು. “ನಿಧಾನಕ್ಕೆ ಇಳಿಯೋಣ. ಸಂಜೆ ತನಕ ಟೈಮಿದೆ.”