ಕತ್ತರಿಗೆ ರಜೆ

‘ಥ್ಯಾಂಕ್ಸ್ ಹೇಳೋಕೆ ಇಲ್ಲೀವರೆಗೂ ಬರಬೇಕಿತ್ತಾ ಸಾರ್? ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ!’ ಎನ್ನುತ್ತ ರೇಡಿಯೊ ಕೇಂದ್ರದ ಕತ್ತರಿಯಕ್ಕ ಕುರ್ಚಿ ಎಳೆದು ಹಾಕಿದಳು. ನಗರಪಾಲಿಕೆಯ ಹಣಕಾಸು ಸಮಿತಿ ಅಧ್ಯಕ್ಷರು ಕೂರಲಿಲ್ಲ. ಅವರ ಬೆನ್ನಿಗೆ ಅಂಟಿಕೊಂಡಂತೆ, ಶಾಲೆಯ ಸಮವಸ್ತ್ರದಲ್ಲಿ, ಮುಖ ಊದಿಸಿಕೊಂಡು ಮಗಳು ನಿಂತಿದ್ದಳು.

ವಾರಕ್ಕೊಬ್ಬರಂತೆ ಮುಖಂಡರನ್ನು ಕೂರಿಸಿಕೊಂಡು ಮಾತಾಡಿಸುವವಳೂ ಇವಳೇ, ಆ ಮಾತನ್ನು ಕತ್ತರಿಸಿ ಒಪ್ಪ ಮಾಡುವವಳೂ ಇವಳೇ. ಅದಕ್ಕೇ ಆ ಹೆಸರು. ಮೇಯರ್ ರಾಜಕೀಯದ ಮಾತಿನ ನಡುವೆ ಕೆಮ್ಮಿದ ಕೆಮ್ಮು, ನಾಟಕ ಸಂಘದ ಯಜಮಾನಿತಿ ಸಂಸ್ಕೃತಿಯ ಬಗ್ಗೆ ಹೇಳುತ್ತ ಹೇಳುತ್ತ ಬೈದ ಬೈಗುಳ, ಎಲ್ಲ ಇವಳ ಕಸದ ಬುಟ್ಟಿಗೆ. ಅಧ್ಯಕ್ಷರ ಕಥೆಯೇ ಬೇರೆ. ಅವರಿಗೆ ಚಿಕ್ಕಂದಿನಿಂದ ಉಗ್ಗು. ಸಭೆಯಲ್ಲಿ ಕೈ ಎತ್ತುತ್ತಿದ್ದರೇ ಹೊರತು ಬಾಯಿ ತೆರೆದವರಲ್ಲ; ಬಜೆಟ್ಟನ್ನೂ ಕಾರ್ಯದರ್ಶಿಯೇ ಓದಬೇಕು. ಅಂಥವರು ತಾವಾಗಿಯೇ ಬಂದು ಮೈಕಿನ ಮುಂದೆ ಕೂತಾಗ ಇವಳ ಕರುಳು ಚುರುಕ್ಕೆಂದಿತ್ತು. ಅಕ್ಕಿಯಿಂದ ಕಲ್ಲು ಆರಿಸುವಂತೆ ಒಂದೊಂದೇ ತೊದಲನ್ನು ಹೆಕ್ಕಿ ತೆಗೆದಿದ್ದಳು. ನಿನ್ನೆ ಸಂಜೆ ಪ್ರಸಾರವಾದ ದನಿ ನೀರು ಕುಡಿದಷ್ಟು ಸಲೀಸಾಗಿತ್ತು.

‘ಥ್ಯಾಂಕ್ಸ್ ಅ... ಅಲ್ಲ ತಾಯಿ,’ ಎಂದರು ಅಧ್ಯಕ್ಷರು. ‘ನಾಳೆ ಇವಳ ಶಾಲೇಲಿ ಭಾ... ಭಾಷಣ. ಇವಳಿಗೂ ನನ್ನ ಹಾಗೇನೇ. ಎಲ್ರೂ ನಗ್ತಾರೆ, ಹೋ... ಹೋಗಲ್ಲ ಅಂತ ಹಟ. ಮೊದಲು ನಾನು ರೇಡಿಯೊದಲ್ಲಿ ಊರಿಗೆಲ್ಲ ಕೇಳೋ ಹಾಗೆ ಉಗ್ಗುತ್ತೀನಿ, ಆಮೇಲೆ ನೀನು ಅಂತ ಮಾ... ಮಾತು ಕೊಟ್ಟಿದ್ದೆ.’

ಕತ್ತರಿಯಕ್ಕ ಕುರ್ಚಿಯ ಮೇಲಿಂದ ಕೈ ತೆಗೆದಳು.

‘ನಿನ್ನೆ ಕೇಳಿ ಏ... ಏನಂದ್ಲು ಗೊತ್ತಾ? ನೀನು ಮೋಸಗಾರ. ನಿಂಗೆ ಚೆನ್ನಾಗೇ ಮಾತು ಬರುತ್ತೆ. ಮನೇಲಿ ನನ್ನ ಸಮಾ... ಸಮಾಧಾನಕ್ಕೆ ನಾಟಕ ಆಡ್ತೀಯ, ಅಂತ.’

‘ಅಯ್ಯೋ ಶಿವನೇ! ನಾನು ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡೆನಲ್ಲ ಸಾರ್.’ ಕತ್ತರಿಯಕ್ಕ ಹುಡುಗಿಯ ಮುಂದೆ ಮಂಡಿಯೂರಿ ಕೂತಳು. ‘ಪುಟ್ಟೀ, ತಪ್ಪು ನಿಮ್ಮಪ್ಪಂದಲ್ಲಮ್ಮ. ನಾನೇ ಕತ್ತರಿಸಿದ್ದು. ಎಲ್ಲಿ, ನಿನ್ನ ಭಾಷಣ ಯಾವುದರ ಮೇಲೆ, ಹೇಳು ನೋಡೋಣ?’

ಹುಡುಗಿ ಬಾಯಿ ತೆರೆದಳು. ಮೊದಲ ಅಕ್ಷರವೇ ಗಂಟಲಲ್ಲಿ ಕಚ್ಚಿಕೊಂಡಿತು.

‘ನಿ... ನಿಧಾನ ಪುಟ್ಟೀ,’ ಎಂದರು ಅಪ್ಪ. ‘ಯಾರೂ ಎದ್ದು ಹೋ... ಹೋಗಲ್ಲ.’

ಅವಳು ಅಪ್ಪನನ್ನು ದುರುಗುಟ್ಟಿ ನೋಡಿ, ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಕತ್ತರಿಸದ ಮೊದಲಿನ ಧ್ವನಿಮುದ್ರಿಕೆಯನ್ನೇ ಕೇಳಿಸೋಣ ಎಂದರೆ ಅದೆಲ್ಲಿದೆ? ಪ್ರಸಾರ ಮುಗಿದ ಕೂಡಲೇ ಕತ್ತರಿಸಿದ್ದನ್ನಷ್ಟೇ ಉಳಿಸಿಕೊಂಡು ಮೂಲವನ್ನು ಅಳಿಸಿಹಾಕುವುದು ಇಲ್ಲಿನ ರೂಢಿ. ಕಂಪ್ಯೂಟರಿನಲ್ಲಿ ಜಾಗ ಸಾಲದು. ಕತ್ತರಿಯಕ್ಕ ಗಡಿಯಾರ ನೋಡಿದಳು. ಇನ್ನೇನು ಅದೇ ಸಂದರ್ಶನದ ಮರುಪ್ರಸಾರದ ಹೊತ್ತು.

‘ಮರುಪ್ರಸಾರ ಹಾಳಾಗಿ ಹೋಗ್ಲಿ. ಬನ್ನಿ ಸಾರ್, ಇಬ್ರೂ ಒಳಗೆ ಬನ್ನಿ. ನೇರ ಪ್ರಸಾರ ಮಾಡೇಬಿಡೋಣ. ಇವತ್ತು ಕತ್ತರಿಗೆ ರಜೆ!’

‘ನೇ... ನೇರ?’ ಅಧ್ಯಕ್ಷರ ಮುಖ ಸುಣ್ಣದಂತಾಯಿತು. ಮಗಳ ಬೆನ್ನನ್ನೊಮ್ಮೆ ನೋಡಿದರು. ಆಮೇಲೆ ಅವಳ ಕೈ ಹಿಡಿದುಕೊಂಡು ಒಳಗೆ ನಡೆದರು.

ಸ್ಟುಡಿಯೊ ಎಂದರೆ ದಪ್ಪ ಬಟ್ಟೆ ಹೊದಿಸಿದ ಗೋಡೆಗಳ ಪುಟ್ಟ ಕೋಣೆ. ಒಂದು ಮೇಜು, ಎರಡು ಮೈಕು. ಹುಡುಗಿಗೆ ಅಪ್ಪನ ಪಕ್ಕ ಒಂದು ಸ್ಟೂಲು; ಅಲ್ಲೂ ಅವಳ ಮುಖ ಗೋಡೆಯ ಕಡೆಗೇ. ಕೆಂಪು ದೀಪ ಹತ್ತಿತು.

‘ನಗರಪಾಲಿಕೆ ಬೊಕ್ಕಸ ಬರಿದಾಗಿದೆ ಅಂತಾರಲ್ಲ ಸಾರ್, ನಿಜಾನಾ?’

‘ಬ... ಬರಿದಾಗಿಲ್ಲ. ತೂ... ತೂತಾಗಿದೆ.’

ಕತ್ತರಿಯಕ್ಕ ಕಿಸಕ್ಕನೆ ನಕ್ಕಳು. ಅದೂ ಹಾಗೇ ಪ್ರಸಾರವಾಯಿತು. ಹುಡುಗಿ ಗೋಡೆ ಬಿಟ್ಟು ಅಪ್ಪನ ಕಡೆ ತಿರುಗಿದಳು.

‘ಹಾಗಾದ್ರೆ ಗ್ರಂಥಾಲಯ ಮುಚ್ಚಬೇಕಾಗುತ್ತೆ ಅಂದಿದ್ರು ಮೇಯರ್, ಇದೇ ಕಾರ್ಯಕ್ರಮದಲ್ಲಿ. ನೀವೇನಂತೀರಿ?’

‘ನಾನು ಇ... ಇರೋವರೆಗೂ ಗ್... ಗ್...’

ಅಷ್ಟೇ. ಮಾತು ನಿಂತಿತು. ಕಣ್ಣು ಮುಚ್ಚಿ, ದವಡೆ ಬಿಗಿದು, ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು ಅಧ್ಯಕ್ಷರು. ಹಣೆಯಲ್ಲಿ ಬೆವರು ಮೂಡಿತು. ಊರಿನ ಮನೆಗಳಲ್ಲಿ, ಅಂಗಡಿಗಳಲ್ಲಿ ರೇಡಿಯೊ ಸತ್ತಂತೆ ಸುಮ್ಮನಿತ್ತು. ಕತ್ತರಿಯಕ್ಕನ ಮುಂದಿದ್ದ ಪ್ರಸಾರದ ಯಂತ್ರದಲ್ಲಿ ಹಳದಿ ದೀಪ ಮಿನುಗತೊಡಗಿತು. ದನಿ ನಿಂತು ತುಸು ಹೊತ್ತಾದರೆ ಸಾಕು, ಆ ಯಂತ್ರ ತಾನಾಗಿಯೇ ಮೈಕು ಮುಚ್ಚಿ ಯಾವುದೋ ಹಾಡು ಹಾಕಿಬಿಡುತ್ತದೆ. ತಡೆಯಬೇಕೆಂದರೆ ಪಕ್ಕದ ಗುಂಡಿಯನ್ನು ಒತ್ತಿ ಹಿಡಿಯಬೇಕು. ಜೀವನವಿಡೀ ಮೌನ ಕಂಡಲ್ಲೆಲ್ಲ ಕತ್ತರಿಸಿದ ಬೆರಳು ಅವಳದು. ಅದೇ ಬೆರಳಿನಿಂದ ಗುಂಡಿಯನ್ನು ಬಲವಾಗಿ ಒತ್ತಿ ಹಿಡಿದಳು. ‘ನಿನ್ನ ಹಾಡಿಗಿಷ್ಟು ಬೆಂಕಿ ಹಾಕ,’ ಎಂದು ಮನಸ್ಸಿನಲ್ಲೇ ಯಂತ್ರವನ್ನು ಬೈದಳು. ಅವಳ ಕಣ್ಣು ಮಂಜಾಗಿತ್ತು.

ಹುಡುಗಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಇದು ನಾಟಕವಲ್ಲವೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಆ ಮಾತು ಗಂಟಲಲ್ಲಿ ಎಲ್ಲಿ ಸಿಕ್ಕಿಕೊಂಡಿದೆ, ಅಲ್ಲಿ ಎಷ್ಟು ನೋಯುತ್ತದೆ ಎಂಬುದು ಊರಿನಲ್ಲಿ ಅವಳಷ್ಟು ಇನ್ಯಾರಿಗೆ ಗೊತ್ತು? ಸ್ಟೂಲಿನಿಂದ ಮೆಲ್ಲಗೆ ಜಾರಿ ಇಳಿದಳು. ಅಪ್ಪನ ಮಂಡಿಯ ಮೇಲೆ ಕೈಯಿಟ್ಟು, ತುದಿಗಾಲಲ್ಲಿ ನಿಂತು, ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಬಂದು, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು:

‘ನಿ... ನಿಧಾನ ಅಪ್ಪಾ. ಯಾ... ಯಾರೂ ಎದ್ದು ಹೋ... ಹೋ... ಹೋಗಲ್ಲ.’