ಗಾಜಿನ ಪೆಟ್ಟಿಗೆಯ ಬೆಂಡು

"ಬೋಟ್ ಅನ್ಬ್ಯಾಡ್ರಿ ಉಚ್ಚೆಂಗಪ್ಪ, ಯಾಟ್ ಅನ್ರಿ, ಯಾಟ್!" ಎಂದು ಅಂಜನಕುಮಾರರು ಗುಮಾಸ್ತನನ್ನು ಮೂರನೆಯ ಸಲ ತಿದ್ದಿದರು. ಕರೂರು ಕೈಗಾರಿಕಾ ಪ್ರದೇಶದಲ್ಲಿ ಪೈಪಿನ ಕಾರ್ಖಾನೆ ನಡೆಸುವ ಈ ಧಣಿಗಳು ಹರಿಹರದ ಹೊಳೆಯಲ್ಲೂ ಮೊಣಕಾಲುದ್ದ ನೀರು ದಾಟಿದವರಲ್ಲ. ಕಚ್ಚಾ ಮಾಲು ಕೊಡುವ ಕಂಪನಿಯವರು ಕರೆದರೆಂದು ಹೋದ ವಾರ ಮೂರು ದಿನ ಹಾಯಿಹಡಗಿನಲ್ಲಿ ಸಮುದ್ರ ಸುತ್ತಿ ಬಂದಿದ್ದರು. ಬಂದಾಗಿನಿಂದ ಆಫೀಸಿನೊಳಗೂ ಕಪ್ಪು ಕನ್ನಡಕ ತೆಗೆದಿರಲಿಲ್ಲ.

ಚಹಾ ತಂದ ಫಕ್ರುನ್ನೀಸಾ ಮೇಜಿನ ಮೇಲಿದ್ದ ಹೊಸ ಗಾಜಿನ ಪೆಟ್ಟಿಗೆಯನ್ನು ನೋಡಿದಳು. ಒಳಗೆ ಮೊಳದುದ್ದ ಮೀನಿನ ಬಲೆಯ ಚೂರು, ಅದಕ್ಕೆ ಕಟ್ಟಿದ್ದ, ಬಲೆಯನ್ನು ತೇಲಿಸುವ ಒಂದು ನೀಲಿ ಬೆಂಡು, ಅದರ ಮೇಲೊಂದು ಸುಟ್ಟ ಕಲೆ. ಶುಕ್ರವಾರದ ಪೂಜೆಯಲ್ಲಿ ಮಷೀನುಗಳಿಗೆಲ್ಲ ಹೂವಿಟ್ಟ ಉಚ್ಚೆಂಗಪ್ಪ ಈ ಪೆಟ್ಟಿಗೆಗೂ ಒಂದು ಚೆಂಡುಹೂವು ಇಟ್ಟಿದ್ದ. ಧಣಿಯ ಮೇಜಿನ ಮೇಲೆ ಏನಿದ್ದರೂ ಅವನಿಗೆ ದೇವರೇ.

"ಹಳೆಬೇಲೆ ಅಂತ ಊರು. ರಸ್ತೆ ಸೈತ ನೆಟ್ಟಗಿಲ್ಲ," ಧಣಿಗಳು ಮುಂದುವರಿಸಿದರು. "ಇಳಿದ ಕೂಡ್ಲೆ ಎಳನೀರು ಕೊಟ್ಟು ಕೂಡ್ರಿಸಿದ್ರು. ವಾಪಸ್ ಹೊರಟ್ವಿ, ಯಾಟ್ ಗಕ್ಕನೆ ನಿಂತ್ಬಿಡ್ತು. ಕೆಳಗೆ ಯಾವುದೋ ಕಸ ಸುತ್ಕೊಂಡಿತ್ತು. ನಾನೇ ಬಗ್ಗಿ ಚಾಕುನಾಗೆ ಸರಸರ ಕೊಯ್ದು ಹಾಕಿದೆ. ಅದರ ನೆನಪಿಗೆ ಈ ತುಂಡು. ದಂಡ್ಯಾಗೆ ಜನ ಓಡಿ ಬಂದು ಕೈ ಬೀಸಿದ್ದೇನು, ಕೂಗಿದ್ದೇನು! ನಾನೂ ಕಾಣೋತನಕ ಕೈ ಬೀಸಿದೆ. ಎಂಥ ಮುಗ್ಧ ಜನ ಅಂತೀರಿ!"

ಫಕ್ರುನ್ನೀಸಾ ಪೆಟ್ಟಿಗೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. ಹಳೆಬೇಲೆ ಅವಳ ತವರು. ತಮ್ಮ ಇಜಾಜ್ ಫೋನಿನಲ್ಲಿ ಅತ್ತು ಎಂಟು ದಿನವಾಗಿತ್ತು. ಮಳೆಗಾಲವಿಡೀ ಅಮ್ಮನೂ ಅವನೂ ಕೂತು ಕಟ್ಟಿದ ಬಲೆಯನ್ನು ಯಾರೋ ಶೋಕಿಯವರು ಕೊಯ್ದು, ನಗುತ್ತ ಕೈ ಬೀಸಿ ಹೋಗಿದ್ದರು. ಅಂದಿನಿಂದ ಅವನು ಕಡಲಿಗೆ ಇಳಿದಿರಲಿಲ್ಲ. ಕೊಯ್ದವರ ಹೆಸರು ಗೊತ್ತಿಲ್ಲವೆಂದು ಠಾಣೆಯಲ್ಲಿ ಅವನ ದೂರನ್ನು ಯಾರೂ ಬರೆದುಕೊಂಡೂ ಇರಲಿಲ್ಲ. ಬೆಕ್ಕಿಗೆ ಚೆಲ್ಲಾಟ ಅನ್ನುವುದು ಸುಮ್ಮನಲ್ಲ.

ಆ ಬೆಂಡನ್ನೂ ಅವಳು ಬಲ್ಲಳು. ಅವರ ಮನೆಯಲ್ಲಿ ಸವೆದ ಹವಾಯಿ ಚಪ್ಪಲಿಗಳನ್ನು ಕತ್ತರಿಸಿ ಬೆಂಡು ಮಾಡುತ್ತಾರೆ. ಹಿಮ್ಮಡಿಯ ಜಾಗದ ಆ ಸುಟ್ಟ ಕಲೆ, ಹೋದ ವರ್ಷ ತವರಿಗೆ ಹೋದಾಗ ಒಲೆಯ ಕೆಂಡ ತುಳಿದು ಅವಳೇ ಮಾಡಿಕೊಂಡದ್ದು. ಅವಳು ಚಹಾದ ಕಪ್ಪುಗಳನ್ನು ಒಂದು ಹನಿ ಚೆಲ್ಲದೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು.

"ಸರ್, ಆ ಚಾಕು ಕಥೆ ಇನ್ನೊಂದ್ಸಲ ಹೇಳ್ರಿ. ಫೋನಿನಾಗೆ ವಿಡಿಯೋ ಮಾಡ್ಕೊಂತೀನಿ."

ಧಣಿಗಳು ಉಬ್ಬಿಹೋದರು. "ನೋಡ್ರಿ ಉಚ್ಚೆಂಗಪ್ಪ! ನಿಮಗಿಲ್ಲದ ಅಭಿರುಚಿ ಈಕೆಗೈತೆ."

"ಆ ಪೆಟ್ಟಿಗೆ ಕೈಯಾಗೆ ಹಿಡ್ಕೊಳ್ರಿ. ಒಂಚೂರು ಆಕಡೆ ಸರೀರಿ, ಗ್ವಾಡೆ ಮೇಲಿನ ಕಾರ್ಖಾನೆ ಬೋರ್ಡು ಕಾಣ್ಲಿ, ವಿಳಾಸ ಸಮೇತ. ಕನ್ನಡಕ ತೆಗೀರಿ ಸರ್, ಮುಖ ಕಾಣ್ಬೇಕು."

ಅವರು ಕನ್ನಡಕ ತೆಗೆದರು. ಕಥೆ ಮತ್ತೆ ನಡೆಯಿತು. ಈ ಸಲ ಚಾಕು ಗೇಣುದ್ದ ಹೆಚ್ಚಾಗಿತ್ತು, ಸಮುದ್ರದಲ್ಲಿ ಅಲೆಯೂ ಎದ್ದಿತ್ತು. ಕೊನೆಗೆ ಅವಳು ಕೇಳದೆಯೇ ಕೈ ಬೀಸಿಯೂ ತೋರಿಸಿದರು. ಫಕ್ರುನ್ನೀಸಾ ಫೋನಿನ ಮೇಲೆ ಬೆರಳಾಡಿಸಿದಳು.

"ಯಾರಿಗೆ ಕಳಿಸ್ದೆಮ್ಮ? ನಿಮ್ಮ ಮನೆಯವ್ರಿಗೇನು?"

"ನನ್ನ ತಮ್ಮಗೆ ಸರ್, ಹಳೆಬೇಲೆಗೆ. ನಿಮಗೆ ದಂಡ್ಯಾಗೆ ನಿಂತು ಕೈ ಬೀಸಿದ್ನಲ್ರಿ, ಅವನೇ. ನೀವು ಕೊಯ್ದಿದ್ದು ಅವನ ಬಲೆ. ಎಂಟು ದಿನದಿಂದ ನಿಮ್ಮನ್ನ ಹುಡುಕ್ತಾ ಅದಾನೆ."

ಪೆಟ್ಟಿಗೆಯ ಮೇಲಿದ್ದ ಚೆಂಡುಹೂವು ಕೆಳಗೆ ಬಿತ್ತು. ಅವಳು ಖಾಲಿ ತಟ್ಟೆ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದಳು.

"ನೀವು ಹಿಡ್ಕೊಂಡಿರೋ ಬೆಂಡು ನನ್ನ ಹಳೇ ಚಪ್ಪಲಿ ಸರ್. ಅದರ ಜೋಡಿ ಅವನ ಕೈಯಾಗೈತೆ."